ಕೆಸರು ನೆಲದಲ್ಲಿ ಟ್ರ್ಯಾಕ್ಟರ್: ಡಿಫರೆನ್ಷಿಯಲ್ ಲಾಕಿನ ಸುರಕ್ಷಿತ ಬಳಕೆ



ಥಾಣೆ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆಯಾಗುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿದುಹೋಗುತ್ತದೆ. ವಿಜಯಪುರದ ಕಡೆ ಇಡೀ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಈ ಎರಡು ಅಂಕಿಗಳ ನಡುವಣ ಅಂತರವನ್ನು ಪುಸ್ತಕದಲ್ಲಿ ಓದುವುದು ಬೇರೆ, ಟ್ರ್ಯಾಕ್ಟರಿನ ಆಸನದ ಮೇಲೆ ಕುಳಿತು ಅನುಭವಿಸುವುದು ಬೇರೆ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಕಟ್ಟಡ ಕೆಲಸವನ್ನರಸಿ ಮುಂಬಯಿ ಪರಿಸರಕ್ಕೆ ಬರುವ ಶ್ರಮಜೀವಿಗಳ ಸಂಖ್ಯೆ ಬಹು ಕಾಲದಿಂದಲೂ ದೊಡ್ಡದು. ಊರಿನಲ್ಲಿ ಒಣಬೇಸಾಯದ ವಿಶಾಲ ಹೊಲಗಳಲ್ಲಿ ಟ್ರ್ಯಾಕ್ಟರ್ ನಡೆಸಿ ಪಳಗಿದ ಕೈ, ಇಲ್ಲಿನ ಮಳೆಗಾಲದ ನೆಲದ ಮೇಲೆ ಅದೇ ಅಭ್ಯಾಸವನ್ನು ಮುಂದುವರಿಸಿದರೆ ಅಪಾಯವುಂಟು. ಡಿಫರೆನ್ಷಿಯಲ್ ಲಾಕ್ ಎಂಬ ಒಂದು ಸಣ್ಣ ಪೆಡಲಿನ ವಿಷಯವನ್ನು ಇಲ್ಲಿ ಪ್ರಸ್ತಾಪಿಸುವುದಕ್ಕೆ ಇದೇ ಕಾರಣ.

ಈ ಸಾಧನಕ್ಕೆ ಸಂಸ್ಕೃತ ಮೂಲದ ಒಂದು ಪದವನ್ನು ಟಂಕಿಸುವುದು ಕಷ್ಟವೇನಲ್ಲ. ಆದರೆ ಚಕ್ರ ಹೂತುಹೋದ ಗಳಿಗೆಯಲ್ಲಿ ಚಾಲಕನ ನಾಲಗೆಗೆ ಬರುವುದು 'ಲಾಕ್' ಎಂಬ ಮಾತೇ. ಆದುದರಿಂದ ಇಲ್ಲಿಯೂ ಅದೇ ಹೆಸರನ್ನು ಉಳಿಸಿಕೊಳ್ಳಲಾಗಿದೆ.

ಮೊದಲಿಗೆ ಲಾಕ್ ಯಾವುದನ್ನು ಬಂಧಿಸುತ್ತದೆ ಎಂಬುದನ್ನು ತಿಳಿಯಬೇಕು. ವಾಹನವು ತಿರುಗುವಾಗ ಹೊರಬದಿಯ ಚಕ್ರ ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಎರಡು ಹಿಂಚಕ್ರಗಳ ನಡುವೆ 1.4 ಮೀಟರ್ ಅಂತರವಿದೆಯೆಂದು ಇಟ್ಟುಕೊಂಡರೆ, ಸಾಲಿನ ಕೊನೆಯಲ್ಲಿ ಅರ್ಧವೃತ್ತಾಕಾರವಾಗಿ ತಿರುಗುವಾಗ ಹೊರಚಕ್ರ ಸುಮಾರು 4.4 ಮೀಟರ್ ಹೆಚ್ಚು ಓಡಬೇಕು. ತಿರುವು ದೊಡ್ಡದಿರಲಿ ಚಿಕ್ಕದಿರಲಿ, ಈ ವ್ಯತ್ಯಾಸ ಅಷ್ಟೇ. ಎರಡೂ ಚಕ್ರಗಳನ್ನು ಒಂದೇ ಅಚ್ಚಿಗೆ ಬಿಗಿದಿದ್ದರೆ ಒಂದು ಚಕ್ರವಾದರೂ ನೆಲವನ್ನು ಉಜ್ಜಿಕೊಂಡು ಜಾರಲೇಬೇಕು. ಈ ತೊಡಕನ್ನು ನಿವಾರಿಸುವ ಗಿಯರುಗಳ ಸಮೂಹವೇ ಡಿಫರೆನ್ಷಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್ ಎಂಬಾತ 1827–28ರ ವೇಳೆಗೆ ಉಗಿಬಂಡಿಗೆಂದು ಇದರ ಪೇಟೆಂಟ್ ಪಡೆದನು. ಇಂದು ರಸ್ತೆಯ ಮೇಲಿನ ನಾಲ್ಕು ಚಕ್ರಗಳ ವಾಹನಗಳಲ್ಲಿ ಹೆಚ್ಚಿನವು ಅದೇ ತತ್ತ್ವದ ಮೇಲೆ ನಡೆಯುತ್ತವೆ.

ಡಿಫರೆನ್ಷಿಯಲಿಗೆ ಒಂದು ದೌರ್ಬಲ್ಯವೂ ಉಂಟು. ಅದು ಎರಡೂ ಚಕ್ರಗಳಿಗೆ ಸಮಾನ ತಿರುಚುಬಲವನ್ನೇ ಹಂಚುತ್ತದೆ. ಎಂದರೆ ಕೆಸರಿನಲ್ಲಿ ಹಿಡಿತ ಕಳೆದುಕೊಂಡ ಚಕ್ರ ಎಷ್ಟು ಬಲವನ್ನು ತಾಳಬಲ್ಲುದೋ, ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ದೊರೆಯುತ್ತದೆ. ಉದಾಹರಣೆಗೆ ಎಡಚಕ್ರದ ಹಿಡಿತ 200 ಕಿಲೋಗ್ರಾಮಿನಷ್ಟು ಎಳೆತಕ್ಕೆ ಸಾಕಾಗುವಂತಿದ್ದು, ಬಲಚಕ್ರದ ಹಿಡಿತ 900 ಕಿಲೋಗ್ರಾಮಿಗೆ ಸಾಲುವಂತಿದ್ದರೆ, ಟ್ರ್ಯಾಕ್ಟರ್ ಒಟ್ಟು 400 ಕಿಲೋಗ್ರಾಮನ್ನು ಮಾತ್ರ ಎಳೆಯಬಲ್ಲುದು. ಎಡಚಕ್ರ ಗಿರಗಿರನೆ ತಿರುಗುತ್ತ ಗುಂಡಿ ತೋಡುತ್ತದೆ. ಬಲಚಕ್ರ ಸುಮ್ಮನೆ ನಿಂತು ನೋಡುತ್ತದೆ. ಲಾಕಿನ ಪೆಡಲನ್ನು ಒತ್ತಿದಾಗ ಹಲ್ಲುಗಳುಳ್ಳ ಒಂದು ಕೊಂಡಿ ಎರಡೂ ಅರ್ಧ ಅಚ್ಚುಗಳನ್ನು ಒಂದಾಗಿ ಬೆಸೆಯುತ್ತದೆ. ಆಗ ಅದೇ ಟ್ರ್ಯಾಕ್ಟರಿಗೆ 1,100 ಕಿಲೋಗ್ರಾಮಿನ ಎಳೆತ ಸಾಧ್ಯವಾಗುತ್ತದೆ. ಈ ಲಾಭ ಸಣ್ಣದಲ್ಲ. ಆದುದರಿಂದಲೇ ಚಾಲಕರಿಗೆ ಈ ಪೆಡಲಿನ ಮೇಲೆ ಅತಿಯಾದ ವಿಶ್ವಾಸ ಬೆಳೆಯುವುದು.

ಪೆಡಲನ್ನು ಒತ್ತುವ ಸಮಯ ಬಹು ಮುಖ್ಯವಾದುದು. ಮುಂದೆ ಜಾರುವ ನೆಲವಿದೆಯೆಂದು ಕಣ್ಣಿಗೆ ಕಂಡಾಗಲೇ, ಚಕ್ರ ಇನ್ನೂ ಜಾರದಿರುವಾಗ, ನೇರ ದಾರಿಯಲ್ಲಿ ನಿಧಾನಗತಿಯಲ್ಲಿರುವಾಗ ಇಲ್ಲವೆ ನಿಂತಿರುವಾಗ ಅದನ್ನು ಒತ್ತಬೇಕು. ಒಂದು ಚಕ್ರ ಈಗಾಗಲೇ ರಭಸದಿಂದ ತಿರುಗುತ್ತಿದ್ದರೆ ಮೊದಲು ಕ್ಲಚ್ ಒತ್ತಿ, ಚಕ್ರ ನಿಂತ ಮೇಲೆ ಲಾಕ್ ಹಾಕಿ, ಅನಂತರ ಕ್ಲಚ್ಚನ್ನು ಮೆಲ್ಲನೆ ಬಿಡಬೇಕು. ತಿರುಗುತ್ತಿರುವ ಹಲ್ಲಿಗೆ ನಿಂತ ಹಲ್ಲನ್ನು ತಾಗಿಸಿದರೆ ಕೊಂಡಿಯೋ ಅಚ್ಚೋ ಮುರಿಯುವುದು ಖಚಿತವೆನ್ನಬಹುದು. ಮಳೆಯ ನಡುವೆ ಹಿಂಬದಿಯ ಪೆಟ್ಟಿಗೆಯನ್ನು ಬಿಚ್ಚಿಸುವ ಖರ್ಚು ಯಾರಿಗೂ ಬೇಡ. ಕೆಳಗಿಯರು ಮತ್ತು ಕಡಿಮೆ ಎಂಜಿನ್ ವೇಗ ಇವೆರಡೂ ಇರಲಿ. ಕೆಸರಿನಿಂದ ಪಾರಾದೊಡನೆ ಪೆಡಲಿನಿಂದ ಕಾಲು ತೆಗೆಯಬೇಕು.

ಕಾಲು ತೆಗೆದ ಮಾತ್ರಕ್ಕೆ ಲಾಕ್ ಬಿಟ್ಟಿತೆಂದು ತಿಳಿಯಬಾರದು. ಅನೇಕ ಸಾರಿ ಹಲ್ಲುಗಳ ಮೇಲೆ ಭಾರವಿರುವುದರಿಂದ ಅವು ಕಚ್ಚಿಕೊಂಡೇ ಇರುತ್ತವೆ. ಒಮ್ಮೆ ಕ್ಲಚ್ ಒತ್ತಿದರೆ ಭಾರ ತಗ್ಗಿ ಕೊಂಡಿ ಬಿಡಿಸಿಕೊಳ್ಳುತ್ತದೆ. ಪೆಡಲು ತನ್ನ ಮೂಲಸ್ಥಾನಕ್ಕೆ ಮೇಲೆದ್ದು ಬಂದಿರುವುದನ್ನು ಕಣ್ಣಾರೆ ಕಂಡ ನಂತರವೇ ಸ್ಟಿಯರಿಂಗ್ ತಿರುಗಿಸತಕ್ಕದ್ದು.

ಥಾಣೆ ಸೀಮೆಯ ನೆಲದ ಸ್ವಭಾವ ಇಲ್ಲಿಯೇ ತೊಡಕಾಗಿ ಪರಿಣಮಿಸುತ್ತದೆ. ಬಯಲುಸೀಮೆಯ ಎರೆಹೊಲದಲ್ಲಿ ಸಾಲು ಉದ್ದ, ತಿರುವು ವಿರಳ. ಲಾಕ್ ಹಾಕಿಕೊಂಡು ನೂರಾರು ಅಡಿ ನೇರವಾಗಿ ಸಾಗಲು ಅವಕಾಶವುಂಟು. ಮುರಬಾಡ, ಶಹಾಪುರ, ಅಂಬರನಾಥ, ಕಲ್ಯಾಣ ತಾಲ್ಲೂಕುಗಳ ಭತ್ತದ ಗದ್ದೆಗಳೋ ಬದುಗಳಿಂದ ತುಂಡುತುಂಡಾದ ಚಿಕ್ಕ ಮಡಿಗಳು. ಟ್ರ್ಯಾಕ್ಟರ್ ಚಲಿಸತೊಡಗಿದ ಸ್ವಲ್ಪದರಲ್ಲಿಯೇ ತಿರುವು ಬಂದುಬಿಡುತ್ತದೆ. ಲಾಕ್ ಬಿದ್ದಿರುವಾಗ ಎರಡು ದೊಡ್ಡ ಹಿಂಚಕ್ರಗಳು ಟ್ರ್ಯಾಕ್ಟರನ್ನು ನೇರಕ್ಕೇ ತಳ್ಳುತ್ತವೆ. ಮುಂಚಕ್ರಗಳು ತಿರುಗಿ ನಿಂತಿದ್ದರೂ ಕೆಸರಿನಲ್ಲಿ ಅಡ್ಡಲಾಗಿ ಜಾರುತ್ತ ಅವುಗಳ ಜೊತೆಗೇ ಹೋಗುತ್ತವೆ. ಚಾಲಕ ಬಲಕ್ಕೆ ತಿರುಗಿಸಿದ್ದರೂ ಯಂತ್ರ ಬದುವನ್ನೇರುತ್ತದೆ. ಬದುವಿನ ಆಚೆ ಎರಡಡಿ ತಗ್ಗಿನಲ್ಲಿ ಇನ್ನೊಂದು ಮಡಿ ಇರುವುದು ಸಾಮಾನ್ಯ. ಮಗುಚಲು ಅಷ್ಟು ಸಾಕು. ಇಂತಹ ಮಡಿಗಳಲ್ಲಿ ಲಾಕಿಗಿಂತ ಪಂಜರಚಕ್ರವನ್ನು ಜೋಡಿಸುವುದೇ ಮೇಲು. ಪವರ್ ಟಿಲ್ಲರ್ ಇನ್ನೂ ಅನುಕೂಲಕರ. ಆದರೆ ಟಿಲ್ಲರಿನಲ್ಲಿ ಸಾಮಾನ್ಯವಾಗಿ ಡಿಫರೆನ್ಷಿಯಲ್ ಇರುವುದಿಲ್ಲ, ಎಡಕ್ಕೊಂದು ಬಲಕ್ಕೊಂದು ಸ್ಟಿಯರಿಂಗ್ ಕ್ಲಚ್ ಇರುತ್ತದೆ. ಅದರಿಂದ ಟ್ರ್ಯಾಕ್ಟರಿಗೆ ಬಡ್ತಿ ಪಡೆದವರಿಗೆ ಲಾಕಿನ ಪಾಠವನ್ನು ಹೊಸದಾಗಿಯೇ ಹೇಳಿಕೊಡಬೇಕಾಗುತ್ತದೆ.

ನವಿ ಮುಂಬಯಿಯ ಕಥೆ ಬೇರೆ. 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ, ಥಾಣೆ ಹಾಗೂ ಆಗ ಕೊಲಾಬಾ ಎನಿಸಿಕೊಂಡಿದ್ದ ಇಂದಿನ ರಾಯಗಡ ಜಿಲ್ಲೆಗಳ 95 ಹಳ್ಳಿಗಳ ನೆಲದ ಮೇಲೆ ಹೊಸ ನಗರ ಎದ್ದಿತು. ಭತ್ತದ ಗದ್ದೆ, ಉಪ್ಪಿನ ಆಗರ, ಖಾಡಿಯಂಚಿನ ಜೌಗು ಇವೆಲ್ಲ ಅದರ ಅಡಿಯಲ್ಲಿವೆ. ಮಣ್ಣು ತುಂಬಿಸಿದ ನಿವೇಶನ ಮೇಲ್ನೋಟಕ್ಕೆ ಗಟ್ಟಿಯಾಗಿ ತೋರಬಹುದು. ಎರಡು ದಿನದ ಜಡಿಮಳೆ ಬಿದ್ದರೆ ಅಡಿಯ ಜೇಡಿ ಮೆತ್ತಗಾಗುತ್ತದೆ. ನೀರಿನ ಟ್ಯಾಂಕರನ್ನೋ ಕಲ್ಲುಪುಡಿಯ ಟ್ರೇಲರನ್ನೋ ಎಳೆಯುವ ಟ್ರ್ಯಾಕ್ಟರ್ ಅಂತಹ ಇಳಿಜಾರಿನಲ್ಲಿ ಅಡ್ಡಲಾಗಿ ಸಾಗುವಾಗ ಲಾಕ್ ಹಾಕುವುದು ತಪ್ಪು. ಲಾಕಿಲ್ಲದಿದ್ದರೆ ಸಾಮಾನ್ಯವಾಗಿ ಒಂದು ಚಕ್ರ ಜಾರಿದರೂ ಇನ್ನೊಂದು ನೆಲವನ್ನು ಹಿಡಿದು ಹಿಂಭಾಗವನ್ನು ಅಡ್ಡಜಾರದಂತೆ ತಡೆಯುತ್ತದೆ. ಲಾಕ್ ಇದ್ದರೆ ಎರಡೂ ಒಟ್ಟಿಗೆ ಹಿಡಿತ ಬಿಡುತ್ತವೆ, ಟ್ರ್ಯಾಕ್ಟರಿನ ಬಾಲ ಕೆಳಕ್ಕೆ ಸರಿಯುತ್ತದೆ. ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ ಅದು ಹಿಂದಿನಿಂದ ತಳ್ಳಿ ಟ್ರ್ಯಾಕ್ಟರನ್ನು ಮಡಚಿಹಾಕುತ್ತದೆ. ಗಣೇಶ ವಿಸರ್ಜನೆಯ ದಿನ ಮೂರ್ತಿಯನ್ನು ಹೊತ್ತ ಟ್ರೇಲರನ್ನು ಖಾಡಿಯ ಒದ್ದೆ ದಂಡೆಗೆ ಇಳಿಸುವವರೂ ಇದನ್ನು ನೆನಪಿಡಬೇಕು, ಸುತ್ತಲೂ ಜನಸಂದಣಿ ಇರುವುದರಿಂದ ಇನ್ನೂ ಹೆಚ್ಚಾಗಿ.

ಡಾಂಬರು ರಸ್ತೆಯ ಮೇಲೆ ಲಾಕಿಗೆ ಯಾವ ಕೆಲಸವೂ ಇಲ್ಲ.

ಅತ್ಯಂತ ಭೀಕರವಾದ ಅಪಾಯ ಹಿಮ್ಮಗುಚುವಿಕೆ. ಎಂಜಿನ್ನಿನ ಬಲ ಹಿಂಚಕ್ರವನ್ನು ಮುಂದಕ್ಕೆ ತಿರುಗಿಸಲೆತ್ನಿಸುತ್ತದೆ. ಚಕ್ರ ತಿರುಗದಷ್ಟು ಗಟ್ಟಿಯಾಗಿ ಕೆಸರು ಹಿಡಿದಿದ್ದರೆ ಅದೇ ಬಲ ಟ್ರ್ಯಾಕ್ಟರಿನ ಮೈಯನ್ನೇ ಅಚ್ಚಿನ ಸುತ್ತ ಹಿಂದಕ್ಕೆ ಎತ್ತುತ್ತದೆ. ಒಂದು ಚಕ್ರ ವ್ಯರ್ಥವಾಗಿ ತಿರುಗುವುದನ್ನು ಚಾಲಕರು ಶಪಿಸುತ್ತಾರೆ. ವಾಸ್ತವವಾಗಿ ಅದೊಂದು ಸುರಕ್ಷತಾ ಕವಾಟವೂ ಹೌದು, ಹೆಚ್ಚಿನ ಬಲ ಅಲ್ಲಿ ಸೋರಿಹೋಗುತ್ತದೆ. ಲಾಕ್ ಆ ಕವಾಟವನ್ನು ಮುಚ್ಚುತ್ತದೆ. ಮೂತಿ ಮೇಲೇಳತೊಡಗಿದ ಮೇಲೆ ಹಿಂದಿರುಗಲಾಗದ ಹಂತ ಮುಟ್ಟಲು ಒಂದು ಸೆಕೆಂಡ್ ಕೂಡ ಬೇಕಾಗಿಲ್ಲ. ಕಾಲು ಕ್ಲಚ್ಚನ್ನು ಹುಡುಕುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ.

ಹೂತ ಚಕ್ರಕ್ಕೆ ಮರದ ತುಂಡನ್ನು ಸರಪಣಿಯಿಂದ ಬಿಗಿದು ಮುಂದಕ್ಕೆ ಒತ್ತುವ ಒಂದು ಪರಿಪಾಠವುಂಟು. ಅದನ್ನು ಸಂಪೂರ್ಣವಾಗಿ ಕೈಬಿಡಬೇಕು: ತುಂಡು ನೆಲಕ್ಕೆ ಕಚ್ಚಿಕೊಂಡಾಗ ಚಕ್ರ ಸ್ತಂಭಿಸುತ್ತದೆ, ಲಾಕ್ ಇದ್ದರೆ ಎರಡೂ ಸ್ತಂಭಿಸುತ್ತವೆ, ಆಗ ಏಳುವುದು ಮೂತಿಯೊಂದೇ. ಸರಿಯಾದ ಕ್ರಮವೆಂದರೆ ಚಕ್ರ ಅಚ್ಚಿನವರೆಗೆ ಹೂಳುವ ಮೊದಲೇ ನಿಲ್ಲಿಸಿ, ನೇಗಿಲನ್ನೋ ಟ್ರೇಲರನ್ನೋ ಕಳಚಿ, ಎಂಜಿನ್ ನಿಲ್ಲಿಸಿ ಚಕ್ರದ ಹಿಂಬದಿಯ ಮಣ್ಣನ್ನು ಸಲಿಕೆಯಿಂದ ತೆಗೆದು, ಮುಂಚಕ್ರಗಳನ್ನು ನೇರವಾಗಿರಿಸಿ, ಲಾಕ್ ಹಾಕಿ, ಬಂದ ದಾರಿಯಲ್ಲಿಯೇ ಹಿಂದಕ್ಕೆ ನಡೆಸಲು ಯತ್ನಿಸುವುದು. ಹಿಂಗಿಯರಿನಲ್ಲಿ ಬಲವು ಮೂತಿಯನ್ನು ಕೆಳಕ್ಕೊತ್ತುತ್ತದೆಯೇ ಹೊರತು ಮೇಲೆತ್ತುವುದಿಲ್ಲ. ಎರಡು ಮೂರು ಯತ್ನಗಳಲ್ಲಿ ಬಾರದಿದ್ದರೆ ಇನ್ನೊಂದು ಟ್ರ್ಯಾಕ್ಟರನ್ನು ಕರೆಸುವುದು ಅವಮಾನವಲ್ಲ. ಎಳೆಯುವ ಟ್ರ್ಯಾಕ್ಟರಿನಲ್ಲಿ ಹಗ್ಗವನ್ನು ತಗ್ಗಿನಲ್ಲಿರುವ ಡ್ರಾಬಾರಿಗೇ ಕಟ್ಟಬೇಕು. ಅಚ್ಚಿಗಾಗಲಿ ಅದಕ್ಕಿಂತ ಮೇಲಿನ ಯಾವುದೇ ಭಾಗಕ್ಕಾಗಲಿ ಕಟ್ಟಿದರೆ ಆ ಟ್ರ್ಯಾಕ್ಟರೂ ಹಿಮ್ಮಗುಚಬಹುದು. ನೈಲಾನ್ ಹಗ್ಗ ತುಂಡಾದರೆ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆಯಾದ್ದರಿಂದ ನೋಡುಗರು ಹಗ್ಗದ ಉದ್ದಕ್ಕಿಂತ ದೂರದಲ್ಲಿ ನಿಲ್ಲುವುದು ಅವಶ್ಯಕ. ಮಡ್ಗಾರ್ಡಿನ ಮೇಲೆ ಯಾರನ್ನೂ, ಭಾರ ಹೆಚ್ಚಲೆಂಬ ನೆಪದಲ್ಲಿಯೂ, ಕೂರಿಸಬಾರದು. ಟ್ರ್ಯಾಕ್ಟರಿಗೆ ಮಗುಚು ರಕ್ಷಣೆಯ ಉಕ್ಕಿನ ಚೌಕಟ್ಟು ಇದ್ದರೆ ಆಸನಪಟ್ಟಿಯನ್ನು ಬಿಗಿದುಕೊಳ್ಳಬೇಕು, ಚೌಕಟ್ಟು ಇಲ್ಲದಿದ್ದರೆ ಬಿಗಿದುಕೊಳ್ಳಬಾರದು.

ಲಾಕ್ ಹಾಕಿರುವಾಗ ಎಡ ಅಥವಾ ಬಲದ ಒಂದೇ ಬ್ರೇಕನ್ನು ಒತ್ತುವುದೂ ನಿಷಿದ್ಧ. ಲಾಕ್ ಇಲ್ಲದಾಗ ಜಾರುವ ಬದಿಯ ಬ್ರೇಕನ್ನು ಮೃದುವಾಗಿ ಒತ್ತಿ ಇನ್ನೊಂದು ಚಕ್ರಕ್ಕೆ ಬಲವನ್ನು ಹಾಯಿಸುವ ಉಪಾಯ ಹಳೆಯ ಚಾಲಕರಿಗೆ ಗೊತ್ತು, ಅದು ಸರಿಯೇ. ಎರಡನ್ನೂ ಬೆರೆಸುವುದು ಮಾತ್ರ ಸಲ್ಲದು.

ಲಾಕ್ ಪದೇ ಪದೇ ಬೇಕಾಗುತ್ತಿದ್ದರೆ ದೋಷ ಬೇರೆಲ್ಲೋ ಇದೆ ಎಂದರ್ಥ. ಟೈರಿನ ಕಟ್ಟೆಗಳು ಸವೆದಿರಬಹುದು, ಗಾಳಿ ಹೆಚ್ಚಾಗಿರಬಹುದು, ಹೊರೆ ಮಿತಿಮೀರಿರಬಹುದು. ಜಾರಿಕೆಯನ್ನು ಅಳೆಯುವುದು ಸುಲಭ. ಹಿಂಟೈರಿನ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ, ಉಳುತ್ತ ಹತ್ತು ಸುತ್ತು ಸಾಗಿದ ದೂರಕ್ಕೆ ಎರಡು ಗೂಟ ನೆಡಬೇಕು. ನೇಗಿಲನ್ನು ಎತ್ತಿಕೊಂಡು ಅದೇ ದೂರವನ್ನು ಮತ್ತೆ ಕ್ರಮಿಸಿ ಸುತ್ತುಗಳನ್ನು ಎಣಿಸಬೇಕು. ಎಂಟೂವರೆ ಸುತ್ತಾದರೆ ಜಾರಿಕೆ ಶೇಕಡಾ 15, ಅಲ್ಲಿಯವರೆಗೆ ಚಿಂತೆಯಿಲ್ಲ. ಏಳೇ ಸುತ್ತಾದರೆ ಶೇಕಡಾ 30, ಡೀಸೆಲಿನ ದೊಡ್ಡ ಪಾಲು ಕೆಸರನ್ನು ಕಲಕುವುದಕ್ಕೇ ವ್ಯಯವಾಗುತ್ತಿದೆ.

ಕೇಂದ್ರ ಕೃಷಿ ಸಚಿವಾಲಯದ ಅಧೀನದಲ್ಲಿ ಮಧ್ಯ ಪ್ರದೇಶದ ಬುದ್ನಿಯಲ್ಲಿ ಕೃಷಿ ಯಂತ್ರೋಪಕರಣಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ. ದಕ್ಷಿಣ ವಲಯಕ್ಕೆ ಅಂತಹುದೇ ಸಂಸ್ಥೆ ಆಂಧ್ರ ಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದ್ದು, ಬಳ್ಳಾರಿ ಕಡೆಯವರಿಗೆ ಅದು ದೂರವಲ್ಲ. ತರಬೇತಿಗೆ ಹೋಗಲು ಬಿಡುವಿಲ್ಲದವರು ತಮ್ಮ ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಲಾಕಿನ ಪುಟವೊಂದನ್ನಾದರೂ ಓದಿಕೊಳ್ಳಬೇಕು. ಪೆಡಲಿಗೆ ಬದಲಾಗಿ ಕೈಸನ್ನೆಯೋ ವಿದ್ಯುತ್ ಗುಂಡಿಯೋ ಇರುವ ಮಾದರಿಗಳೂ ಉಂಟು. ಜೂನ್ ತಿಂಗಳ ಮೊದಲ ಮಳೆಗೆ ಮುನ್ನ ಪೆಡಲಿನ ಕೀಲಿಗೆ ಗ್ರೀಸ್ ಹಾಕಿಸಿ, ಮರಳಿಸುವ ಸ್ಪ್ರಿಂಗ್ ಗಟ್ಟಿಯಾಗಿದೆಯೇ ಎಂದು ನೋಡಿ, ಗಟ್ಟಿ ನೆಲದಲ್ಲಿ ಟ್ರ್ಯಾಕ್ಟರ್ ನಿಂತಿರುವಾಗ ನಾಲ್ಕಾರು ಸಾರಿ ಒತ್ತಿ ಬಿಟ್ಟು ಪರೀಕ್ಷಿಸತಕ್ಕದ್ದು. ಮೇಲೇಳದೆ ತಡೆಯುವ ಪೆಡಲಿರುವ ಟ್ರ್ಯಾಕ್ಟರನ್ನು ದುರಸ್ತಿಯಾಗುವವರೆಗೆ ಗದ್ದೆಗೂ ರಸ್ತೆಗೂ ಇಳಿಸಬಾರದು.