ತಾನಾಗಿ ನೀರು ಚಿಮುಕಿಸುವ ಸ್ಪ್ರಿಂಕ್ಲರ್



ಹೂಮಳೆ ತಡವಾದಾಗ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರಿನಿಂದ ನೀರು ಕೊಡುವುದನ್ನು ನೀವೆಲ್ಲ ಬಲ್ಲಿರಿ. ಒತ್ತಡದ ನೀರು ಸಣ್ಣ ಬಾಯಿಯಿಂದ ಚಿಮ್ಮಿ, ಸ್ಪ್ರಿಂಗಿನ ತೋಳನ್ನು ತಳ್ಳುತ್ತದೆ. ತೋಳು ಹಿಂದಿರುಗಿ ಬಡಿದಾಗ ತಲೆ ತುಸು ತಿರುಗುತ್ತದೆ. ಹೀಗೆ ಸುತ್ತಲೂ ನೀರು ಬೀಳುತ್ತದೆ.

ಇಡೀ ತೋಟಕ್ಕೆ ಒಮ್ಮೆಲೇ ಬಿಟ್ಟರೆ ಒತ್ತಡ ಸಾಲದು. ಆದ್ದರಿಂದ ತೋಟವನ್ನು ಭಾಗ ಮಾಡಿ, ಭಾಗಕ್ಕೊಂದು ವಿದ್ಯುತ್ ವಾಲ್ವ್ ಇಡುತ್ತಾರೆ. ಗೊತ್ತುಮಾಡಿದ ಹೊತ್ತಿಗೆ ಗಡಿಯಾರವು ಒಂದನ್ನು ಮುಚ್ಚಿ ಮುಂದಿನದನ್ನು ತೆರೆಯುತ್ತದೆ. ಆಳು ಕಾಯಬೇಕಾಗಿಲ್ಲ.

ಆದರೆ ಕೆರೆಯಲ್ಲಿ ಎಷ್ಟು ನೀರಿದೆಯೆಂದು ಆ ಗಡಿಯಾರಕ್ಕೆ ತಿಳಿಯದು. ಮೊಗ್ಗಿಗೆ ಅರೆಬರೆ ನೀರು ಬಿದ್ದರೆ ಹೂವು ಸರಿಯಾಗಿ ಅರಳದೆ ಫಸಲು ಕೆಡುತ್ತದೆ. ಮೊದಲೇ ಲೆಕ್ಕ ಹಾಕಿರಿ. ಕೆರೆಯ ಉದ್ದ, ಅಗಲ, ಸರಾಸರಿ ಆಳಗಳನ್ನು ಮೀಟರಿನಲ್ಲಿ ಅಳೆದು ಗುಣಿಸಿರಿ. ಬಂದುದನ್ನು 1,000ದಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಒಂದು ಎಕರೆಗೆ 1 ಅಂಗುಲ ನೀರೆಂದರೆ ಸುಮಾರು 1 ಲಕ್ಷ ಲೀಟರ್. ಹೂವಿಗೆ ಒಂದರಿಂದ ಒಂದೂವರೆ ಅಂಗುಲ ಬೇಕು. ನೀರು ಸಾಲುವಷ್ಟು ಎಕರೆಗೆ ಮಾತ್ರ, ಆದರೆ ಪೂರ್ತಿಯಾಗಿ ಕೊಡಿರಿ. ಹಳ್ಳದಿಂದ ಎತ್ತುವವರು ಕೆಳಗಿನ ತೋಟದವರಿಗೂ ಉಳಿಸಿರಿ.