ಐದು ದಿರ್ಹಮಿನ ಉಡುಪು

(ಶಅಬಾನ್ ತಿಂಗಳಲ್ಲಿ ಜರಗಿದ ಕುಟುಂಬ ಸಂಗಮವೊಂದರ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮುಸ್ಲಿಮ್ ಮಹಿಳೆ ಮತ್ತು ಉಡುಪು ಎಂಬ ವಿಷಯದ ಕುರಿತು ಮಾತನಾಡಲು ನನಗೆ ಹೇಳಲಾಗಿದೆ. ಈ ವಿಷಯದ ಭಾಷಣದಲ್ಲಿ ಏನೇನು ಬರುತ್ತದೆಂಬುದು ನಿಮಗೆಲ್ಲ ಬಾಯಿಪಾಠವಾಗಿದೆ. ಯಾವ ಅಂಗವನ್ನು ಎಲ್ಲಿಯವರೆಗೆ ಮುಚ್ಚಬೇಕು, ಬಟ್ಟೆ ಎಷ್ಟು ಸಡಿಲವಾಗಿರಬೇಕು ಎಂಬುದನ್ನು ನೀವು ಬಲ್ಲಿರಿ, ಪಾಲಿಸುತ್ತಲೂ ಇದ್ದೀರಿ. ಆದುದರಿಂದ ಇಂದು ನಾನು ಬಟ್ಟೆಯ ಉದ್ದ ಅಗಲಗಳ ಬದಲು ಅದರ ಬೆಲೆಯ ಕುರಿತು ಮಾತನಾಡಬಯಸುತ್ತೇನೆ. ಲಜ್ಜೆ ಮತ್ತು ಮಿತವ್ಯಯ ಇವೆರಡೂ ಒಂದೇ ತಾಯಿಯ ಮಕ್ಕಳು. ನಾವು ಒಂದನ್ನು ಮನೆಯೊಳಗೆ ಕರೆದು ಇನ್ನೊಂದನ್ನು ಹೊಸ್ತಿಲಾಚೆ ನಿಲ್ಲಿಸಿದ್ದೇವೆ.

ಸಹೀಹ್ ಬುಖಾರಿಯಲ್ಲಿ ಒಂದು ಘಟನೆ ವರದಿಯಾಗಿದೆ. ಪ್ರವಾದಿ(ಸ)ರ ವಫಾತಿನ ಅದೆಷ್ಟೋ ವರ್ಷಗಳ ಬಳಿಕ ಐಮನ್ ಎಂಬವರು ಉಮ್ಮುಲ್ ಮೂಮಿನೀನ್ ಆಯಿಶಾ(ರ)ರ ಬಳಿಗೆ ಹೋಗಿದ್ದರು. ಆಗ ಅವರು ದಪ್ಪ ಬಟ್ಟೆಯ ಒಂದು ಉಡುಪನ್ನು ಧರಿಸಿದ್ದರು. ಬೆಲೆ ಐದು ದಿರ್ಹಮ್. ಆಯಿಶಾ(ರ) ತಮ್ಮ ಸೇವಕಿಯ ಕಡೆ ತೋರಿಸಿ, ಇವಳು ಈ ಬಟ್ಟೆಯನ್ನು ಮನೆಯೊಳಗೆ ತೊಡುವುದಕ್ಕೂ ಒಪ್ಪುವುದಿಲ್ಲ ನೋಡಿ ಎಂದರು. ಬಳಿಕ, ಪ್ರವಾದಿವರ್ಯರ ಕಾಲದಲ್ಲಿ ತಮ್ಮಲ್ಲಿ ಇಂಥದೇ ಒಂದು ಉಡುಪು ಇತ್ತೆಂದೂ ಮದೀನಾದಲ್ಲಿ ಸಿಂಗಾರಗೊಳ್ಳಬೇಕಾದ ಹೆಣ್ಣುಮಕ್ಕಳೆಲ್ಲ ಅದನ್ನೇ ತಮ್ಮಿಂದ ಎರವಲು ತರಿಸಿಕೊಳ್ಳುತ್ತಿದ್ದರೆಂದೂ ನೆನಪಿಸಿಕೊಂಡರು.

ಸಹೋದರಿಯರೇ, ಈ ಹದೀಸನ್ನು ನಾವು ಹೆಚ್ಚಾಗಿ ಸರಳ ಜೀವನದ ಉದಾಹರಣೆಯೆಂದು ಕೇಳಿ ತಲೆದೂಗಿ ಎದ್ದುಹೋಗುತ್ತೇವೆ. ಸ್ವಲ್ಪ ನಿಂತು ಯೋಚಿಸಿ. ಆ ಉಡುಪು ಊರಿನ ಮದುವಣಗಿತ್ತಿಯರ ಸಿಂಗಾರವಾಗಿತ್ತು. ಅಂದರೆ ಮದೀನಾದ ಹೆಣ್ಣುಮಕ್ಕಳಿಗೆ ಅಂದದ ಹಂಬಲವಿತ್ತು, ಅದನ್ನು ಯಾರೂ ತಪ್ಪೆನ್ನಲಿಲ್ಲ. ಆದರೆ ಆ ಹಂಬಲಕ್ಕಾಗಿ ಯಾರ ಮನೆಯೂ ಸಾಲದಲ್ಲಿ ಮುಳುಗಲಿಲ್ಲ. ಒಂದೇ ಬಟ್ಟೆ ಮನೆಯಿಂದ ಮನೆಗೆ ನಡೆದುಹೋಗುತ್ತಿತ್ತು. ಎರವಲು ಕೇಳಿದವಳಿಗೆ ಅವಮಾನವಿರಲಿಲ್ಲ. ಕೊಟ್ಟವರಿಗೆ, ಅವರು ಇಡೀ ಸಮುದಾಯದ ತಾಯಿಯಾಗಿದ್ದರೂ, ನನ್ನ ಬಟ್ಟೆ ಇನ್ನೊಬ್ಬಳ ಮೈಮೇಲೆ ಏಕಿರಬೇಕು ಎಂಬ ಅಸಮಾಧಾನವಿರಲಿಲ್ಲ. ಉಮ್ಮು ಅತಿಯ್ಯಾ(ರ) ವರದಿ ಮಾಡಿದ ಇನ್ನೊಂದು ಹದೀಸ್ ಕೂಡಾ ನಿಮಗೆ ಗೊತ್ತಿದೆ. ಈದ್‌ನಂದು ಮಹಿಳೆಯರೆಲ್ಲರೂ ಈದ್‌ಗಾಹ್‌ಗೆ ಹೊರಡಬೇಕೆಂದು ಆದೇಶವಾದಾಗ, ಹೊದ್ದುಕೊಳ್ಳಲು ಜಿಲ್ಬಾಬ್ ಇಲ್ಲದವಳು ಏನು ಮಾಡಬೇಕೆಂದು ಕೇಳಲಾಯಿತು. ಅವಳು ಮನೆಯಲ್ಲೇ ಉಳಿಯಲಿ ಎಂದು ಪ್ರವಾದಿ(ಸ) ಹೇಳಲಿಲ್ಲ. ಸಾಲ ಮಾಡಿ ಕೊಂಡುಕೊಳ್ಳಲಿ ಎಂದೂ ಹೇಳಲಿಲ್ಲ. ಅವಳ ಸಹೋದರಿ ತನ್ನದನ್ನು ಅವಳಿಗೆ ಹೊದಿಸಬೇಕೆಂದು ಹೇಳಿದರು. ಪರದೆ ಮಾಡುವುದು ಒಬ್ಬಳ ಹೊಣೆಯಾದರೆ, ಅದಕ್ಕೆ ಬೇಕಾದ ಬಟ್ಟೆ ಅವಳಿಗೆ ಸಿಗುವಂತೆ ಮಾಡುವುದು ನಮ್ಮೆಲ್ಲರ ಹೊಣೆ.

ಈಗ ನಮ್ಮ ಸ್ಥಿತಿಯನ್ನು ನೋಡೋಣ. ಪರರ ಮಾತೇಕೆ, ನನ್ನ ಮನೆಯದನ್ನೇ ಹೇಳುತ್ತೇನೆ. ನಾಲ್ಕು ವರ್ಷಗಳ ಹಿಂದೆ ನನ್ನ ಮಗಳ ಮದುವೆಗೆ ನಾವು 22 ಸಾವಿರ ರೂಪಾಯಿಯ ಲೆಹೆಂಗಾ ಖರೀದಿಸಿದೆವು. ಅವಳು ಅದನ್ನು ಧರಿಸಿದ್ದು ಒಂದು ಮಧ್ಯಾಹ್ನದಿಂದ ರಾತ್ರಿಯವರೆಗೆ. ಮತ್ತೊಮ್ಮೆ ತೊಡೋಣವೆಂದರೆ ಎಲ್ಲರೂ ನೋಡಿಯಾಗಿದೆ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಕಪಾಟಿನ ಮೇಲಿನ ಅರೆಯಲ್ಲಿಟ್ಟೆವು. ಮರುವರ್ಷ ನಮ್ಮ ಬೀದಿಯ ಒಬ್ಬ ಸಹೋದರಿ ಮನೆಗೆ ಬಂದಳು. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವಳು. ಅದೂ ಇದೂ ಮಾತನಾಡಿ ಕೊನೆಗೆ, "ಆಪಾ, ಮಗಳ ಮದುವೆಯ ಆ ಬಟ್ಟೆ ಈಗಲೂ ಚೆನ್ನಾಗಿದೆಯಾ?" ಎಂದು ಕೇಳಿದಳು. "ಚೆನ್ನಾಗಿದೆ, ಒಂದು ಹರಳೂ ಬಿದ್ದಿಲ್ಲ" ಎಂದು ನಾನು ಹೆಮ್ಮೆಯಿಂದಲೇ ಉತ್ತರಿಸಿ ಚಹಾ ತರಲು ಒಳಗೆ ಹೋದೆ. ಅವಳು ಕುಡಿದು ಹೋದಳು. ಕೆಲವು ತಿಂಗಳ ಬಳಿಕ ತಿಳಿಯಿತು, ತನ್ನ ಮಗಳಿಗೆ ಅಂಥದೇ ಒಂದು ಜೊತೆ ಬಟ್ಟೆ ತರಲು ಅವಳು ಇದ್ದ ಎರಡು ಬಳೆಗಳನ್ನು ಅಡವಿಟ್ಟಿದ್ದಳು. ಬಡ್ಡಿ ಕಟ್ಟಲು ರಾತ್ರಿ ಹೆಚ್ಚು ಹೊತ್ತು ಕುಳಿತು ಬೀಡಿ ಕಟ್ಟುತ್ತಿದ್ದಳು. ಅವಳು ಕೇಳಲು ಬಂದದ್ದು ಬಟ್ಟೆಯನ್ನು. ನಾನು ಕೊಟ್ಟದ್ದು ಚಹಾ.

ಸೂರಃ ಅಲ್‌ಮಾಊನ್ ನಮಗೆ ಚಿಕ್ಕಂದಿನಿಂದಲೂ ಕಂಠಪಾಠ. ಅದರ ಕೊನೆಯ ಸೂಕ್ತದಲ್ಲಿ ಖಂಡಿಸಲಾದ ದೋಷಕ್ಕೆ ನೆರೆಹೊರೆಯವರು ಪರಸ್ಪರ ಎರವಲು ಪಡೆಯುವ ಪಾತ್ರೆ ಪರಡಿಗಳಂತಹ ನಿತ್ಯೋಪಯೋಗಿ ವಸ್ತುಗಳನ್ನು ನಿರಾಕರಿಸುವುದು ಎಂದು ಅನೇಕ ವ್ಯಾಖ್ಯಾನಕಾರರು ಅರ್ಥ ನೀಡಿದ್ದಾರೆ. ನಾನು ನಿರಾಕರಿಸಿರಲಿಲ್ಲ ನಿಜ. ಆದರೆ ಆಕೆ ಬಾಯಿಬಿಟ್ಟು ಕೇಳಲಾಗದಂತಹ ವಾತಾವರಣವನ್ನು ನಿರ್ಮಿಸಿದವರಲ್ಲಿ ನಾನೂ ಒಬ್ಬಳು.

ಇಷ್ಟು ಖರ್ಚು ಮಾಡುವ ನಾವು ದಿನನಿತ್ಯ ಏನು ಧರಿಸುತ್ತೇವೆ? ಹೇಳಲು ಸಂಕೋಚವಾಗುತ್ತದೆ, ಇಲ್ಲಿ ಹೇಳದಿದ್ದರೆ ಇನ್ನೆಲ್ಲಿ ಹೇಳುವುದು? ಬಣ್ಣ ಹೋದ, ಕಂಕುಳಲ್ಲಿ ಹೊಲಿಗೆ ಬಿಟ್ಟ ನೈಟಿ. ಬಾಗಿಲು ಬಡಿದರೆ ಅದರ ಮೇಲೊಂದು ಶಾಲು. ಹೊರಗೆ ಹೋಗಬೇಕಾದರೆ ಅದರ ಮೇಲೆಯೇ ಬುರ್ಖಾ. ಬುರ್ಖಾ ಇದೆಯಲ್ಲ, ಒಳಗೆ ಏನಿದ್ದರೇನು ಎಂಬ ಉದಾಸೀನ. ಪರದೆಯ ಉದ್ದೇಶ ಗೌರವ ಕಾಪಾಡುವುದಾಗಿತ್ತು. ನಾವು ಅದನ್ನು ಕೊಳಕು ಮುಚ್ಚುವ ಹೊದಿಕೆಯಾಗಿ ಮಾಡಿಕೊಂಡೆವು. ಮಕ್ಕಳು ತಾಯಿಯನ್ನು ಓರಣವಾಗಿ ನೋಡುವುದು ವರ್ಷದಲ್ಲಿ ಎಷ್ಟು ದಿನ?

ಒರಟು, ಹರಕು ಉಡುಪೇ ಭಕ್ತಿಯ ಲಕ್ಷಣವೆಂದು ಭಾವಿಸುವವರೂ ನಮ್ಮಲ್ಲಿದ್ದಾರೆ. ಅದು ಸರಿಯಲ್ಲ. ಹೀನ ಉಡುಪಿನಲ್ಲಿ ಬಂದ ಒಬ್ಬ ವ್ಯಕ್ತಿಯೊಡನೆ ಪ್ರವಾದಿ(ಸ), ನಿನಗೆ ಸಂಪತ್ತಿದೆಯೇ ಎಂದು ವಿಚಾರಿಸಿದರು. ಇದೆಯೆಂದಾಗ, ಅಲ್ಲಾಹನು ಕರುಣಿಸಿದ ಅನುಗ್ರಹದ ಕುರುಹು ನಿನ್ನ ಮೇಲೆ ಕಾಣಿಸಲಿ ಎಂಬ ಆಶಯವನ್ನು ವ್ಯಕ್ತಪಡಿಸಿದರು. ಒಳ್ಳೆಯ ಬಟ್ಟೆ, ಒಳ್ಳೆಯ ಪಾದರಕ್ಷೆಯನ್ನು ಇಷ್ಟಪಡುವುದು ಅಹಂಕಾರವೇ ಎಂಬ ಪ್ರಶ್ನೆ ಬಂದಾಗಲೂ ಅವರು ಅಲ್ಲವೆಂದರು. ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದೇ ಅಹಂಕಾರ ಎಂದು ತಿಳಿಸಿದರು. ಸೂರಃ ಅಲ್‌ಅಅ್‌ರಾಫ್‌ನ 31ನೇ ಸೂಕ್ತದಲ್ಲಿ ಅಲಂಕಾರಕ್ಕೆ ಆದೇಶವಿದೆ, ಅಲ್ಲೇ ದುಂದುವೆಚ್ಚಕ್ಕೆ ತಡೆಯೂ ಇದೆ. ಎರಡೂ ಒಂದೇ ಸೂಕ್ತದಲ್ಲಿರುವುದನ್ನು ಗಮನಿಸಿ.

ಹಾಗಾದರೆ ಕಡಿಮೆ ಖರ್ಚಿನಲ್ಲಿ ದಿನವೂ ಅಂದವಾಗಿ, ಸಭ್ಯವಾಗಿ ಉಡುವುದು ಹೇಗೆ? ಮೊದಲು ಲೆಕ್ಕ ಹಾಕಲು ಕಲಿಯಬೇಕು. 6 ಸಾವಿರ ರೂಪಾಯಿಯ ಶರಾರಾವನ್ನು ಮೂರು ಸಲ ತೊಟ್ಟು ಬದಿಗಿಟ್ಟರೆ ಒಂದು ಸಲಕ್ಕೆ 2 ಸಾವಿರ ಬಿತ್ತು. 900 ರೂಪಾಯಿಯ ಹತ್ತಿಯ ಚೂಡಿದಾರವನ್ನು ವಾರಕ್ಕೆರಡು ಸಲ ಒಂದು ವರ್ಷ ತೊಟ್ಟರೆ ಒಂದು ಸಲಕ್ಕೆ 9 ರೂಪಾಯಿಯೂ ಬೀಳದು. ಅಗ್ಗವೆಂಬುದು ಅಂಗಡಿಯ ಚೀಟಿಯಲ್ಲಿರುವುದಿಲ್ಲ, ಎಷ್ಟು ಸಲ ತೊಟ್ಟೆವು ಎಂಬುದರಲ್ಲಿರುತ್ತದೆ. ಸರಕಾರದ ತೆರಿಗೆಯೂ ಈಗ ಅದೇ ಮಾತನ್ನು ಹೇಳುತ್ತಿದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಬದಲಾವಣೆಯಲ್ಲಿ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ. 5, ಅದಕ್ಕಿಂತ ಮೇಲಿನದಕ್ಕೆ ಶೇ. 18 ಎಂದು ನಿಗದಿಯಾಯಿತು.

ಮನೆಗೆ ನಾಲ್ಕು, ಹೊರಗೆ ನಾಲ್ಕು ಜೊತೆ ಗಟ್ಟಿ ಬಟ್ಟೆ ಇದ್ದರೆ ಒಬ್ಬ ಹೆಣ್ಣುಮಗಳಿಗೆ ಧಾರಾಳವಾಯಿತು. ಪ್ರತಿಯೊಂದಕ್ಕೂ ಬೇರೆ ಬಣ್ಣದ ಪ್ಯಾಂಟು, ಬೇರೆ ಶಾಲು ಎಂದು ಹೊರಟರೆ ಖರ್ಚಿಗೆ ಕೊನೆಯಿಲ್ಲ. ಕಪ್ಪು, ಕಡುನೀಲಿ, ಕಂದು, ಹೀಗೆ ಎರಡು ಮೂರು ಬಣ್ಣಗಳನ್ನು ಆರಿಸಿಕೊಂಡರೆ ಎರಡು ಪ್ಯಾಂಟು, ಮೂರು ಸ್ಕಾರ್ಫ್ ಎಲ್ಲ ಕುರ್ತಾಗಳಿಗೂ ಹೊಂದುತ್ತವೆ. ನೋಡುವವರಿಗೆ ಹತ್ತು ಜೊತೆ ಇದ್ದಂತೆ ಕಾಣುತ್ತದೆ. ಅಂಗಡಿಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದು ಅದರ ಹಿಂದೆ ಕೈ ಇಡಿ. ಬೆರಳು ಎಣಿಸಲು ಬಂದರೆ ಅದಕ್ಕೆ ಲೈನಿಂಗ್ ಬೇಕು, ಅಂದರೆ ಇನ್ನಷ್ಟು ಹಣ. ಹತ್ತಿ ಬಟ್ಟೆಯನ್ನು ಹೊಲಿಯಲು ಕೊಡುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ. ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ. ಬೆಳೆಯುವ ಹುಡುಗಿಯರ ಬಟ್ಟೆಗೆ ಬದಿಯಲ್ಲೂ ಕೆಳಗೂ ಎರಡೆರಡು ಇಂಚು ಒಳಗೆ ಬಿಟ್ಟು ಹೊಲಿಸಿದರೆ ಮರುವರ್ಷ ಬಿಚ್ಚಿ ದೊಡ್ಡದು ಮಾಡಬಹುದು. ಕಪ್ಪು ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿ ಒಗೆದು ನೆರಳಲ್ಲಿ ಒಣಗಿಸಿ. ಇವೆಲ್ಲ ನಮ್ಮ ತಾಯಂದಿರಿಗೆ ತಿಳಿದಿದ್ದ ವಿಷಯಗಳೇ. ಇಸ್ತ್ರಿ ಮಾಡಿದ ಸಾದಾ ಬಟ್ಟೆಯ ಮುಂದೆ ಮುದುಡಿದ ರೇಷ್ಮೆ ಸೋಲುತ್ತದೆ.

ಬುರ್ಖಾದ ಕುರಿತೂ ಒಂದು ಮಾತು. ಹರಳು, ಮಣಿ, ಚಿನ್ನದ ಬಣ್ಣದ ಕಸೂತಿಗಳಿಂದ ಅವು ಎಷ್ಟು ಹೊಳೆಯುತ್ತಿವೆಯೆಂದರೆ ಬುರ್ಖಾಕ್ಕೇ ಒಂದು ಬುರ್ಖಾ ತೊಡಿಸಬೇಕಾಗಿ ಬಂದಿದೆ. ಅಬಾಯಾಗಳಲ್ಲಿ ಹೆಸರಾದ ನಿದಾ ಬಟ್ಟೆ ಪಾಲಿಯೆಸ್ಟರ್. ಹಗುರ, ಸುಕ್ಕಾಗದು, ಬಾಳಿಕೆಯೂ ಇದೆ. ಆದರೆ ಬೆವರು ಹೀರದು. ಕರಾವಳಿಯ ಬೇಸಿಗೆಯಲ್ಲಿ ಅದರೊಳಗೆ ಹತ್ತಿಯ ಬಟ್ಟೆ ಇರಲೇಬೇಕು. ಕಪ್ಪೇ ಕಡ್ಡಾಯವೆಂದೂ ಇಲ್ಲ. ನಮ್ಮ ಅಜ್ಜಿಯರು ಸೀರೆಯ ಸೆರಗನ್ನು ತಲೆತುಂಬ ಹೊದ್ದು, ಮೇಲೊಂದು ಬಿಳಿ ಚಾದರ ಸುತ್ತಿ ನಡೆದಾಗ ಯಾರೂ ಅವರ ಲಜ್ಜೆಯ ಬಗ್ಗೆ ಸಂಶಯಪಟ್ಟಿರಲಿಲ್ಲ.

ಪರದೆಯ ಆಚೆ ನಿಶ್ಶಬ್ದವಾಗಿರುವುದರಿಂದ ಸಹೋದರರಿಗೂ ಎರಡು ಮಾತು ಹೇಳಿಬಿಡುತ್ತೇನೆ. ಸೂರಃ ಅನ್ನೂರ್‌ನಲ್ಲಿ ದೃಷ್ಟಿ ತಗ್ಗಿಸಬೇಕೆಂಬ ಆದೇಶ ಮೊದಲು ಪುರುಷರಿಗೆ, ಆ ಬಳಿಕದ ಸೂಕ್ತದಲ್ಲಿ ಮಹಿಳೆಯರಿಗೆ. ತಂಗಿಯ ಮಫ್ತ ಜಾರಿದರೆ ಗದರಿಸುವ ಅಣ್ಣ ತಾನು ಗಿಡ್ಡ ಟೀಶರ್ಟು, ಕೆಳಗಿಳಿದ ಜೀನ್ಸ್ ತೊಟ್ಟು ಮಸೀದಿಗೆ ಹೋಗುತ್ತಾನೆ. ಅವನು ಸುಜೂದ್‌ಗೆ ಬಾಗಿದಾಗ ಹಿಂದಿನ ಸಾಲಿನವರು ಏನು ನೋಡಬೇಕಾಗುತ್ತದೆಂದು ನೀವೇ ಬಲ್ಲಿರಿ. ಅವನ ಬೂಟಿಗೆ 4 ಸಾವಿರ ಸಿಗುತ್ತದೆ. ತಂಗಿ ಮಾತ್ರ ಒಂದೇ ಸ್ಕಾರ್ಫನ್ನು ರಾತ್ರಿ ಒಗೆದು ಬೆಳಿಗ್ಗೆ ತೊಡುತ್ತಾಳೆ.

2022ರಲ್ಲಿ ನಾವು ಏನನ್ನು ಅನುಭವಿಸಿದೆವೆಂಬುದು ಮರೆಯುವ ವಿಷಯವಲ್ಲ. ಫೆಬ್ರವರಿ 5ರಂದು ಸಮವಸ್ತ್ರದ ಹೆಸರಲ್ಲಿ ಸರಕಾರಿ ಆದೇಶ ಹೊರಟಿತು. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಒಂದು ತುಂಡು ಬಟ್ಟೆಗಾಗಿ ನಮ್ಮ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತರು. ಅವಳ ಉಡುಪು ಅವಳ ಘನತೆ, ಅದು ಅವಳ ಆಯ್ಕೆ ಎಂದು ನಾವು ಜಗತ್ತಿಗೆಲ್ಲ ಸಾರಿದೆವು. ಸರಿಯಾಗಿಯೇ ಸಾರಿದೆವು. ಆದರೆ ಆ ಹುಡುಗಿಯ ಓದಿಗೆಂದು ಎತ್ತಿಟ್ಟ ಹಣವನ್ನು ಅವಳ ಅಕ್ಕನ ಲೆಹೆಂಗಾಕ್ಕೆ ಸುರಿದವರು ಯಾವ ಸರಕಾರ? ಫೀಸಿಗೆ ಹಣವಿಲ್ಲವೆಂದು ಅವಳನ್ನು ಮನೆಯಲ್ಲಿ ಕೂರಿಸಿದರೆ, ಆ ಆದೇಶವನ್ನು ಹೊರಡಿಸಿದ್ದು ನಾವೇ.

ಇನ್ನು ಹೊಲಿಯುವವರು. ಬೀದಿಗೊಬ್ಬರಂತೆ ಮನೆಯಲ್ಲಿ ಹೊಲಿದು ಬದುಕುವ ಸಹೋದರಿಯರು ನಮ್ಮ ನಡುವೆ ಇದ್ದಾರೆ. ಶೋರೂಮಿನಲ್ಲಿ ಚೀಟಿಯಲ್ಲಿದ್ದಷ್ಟನ್ನೂ ತುಟಿಪಿಟಕ್ಕೆನ್ನದೆ ಕೊಡುವ ನಾವು ಅವರೊಡನೆ 50 ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಈದ್ ಕಳೆದು ಕೊಡುತ್ತೇನೆಂದು ಹೇಳಿ ಬಟ್ಟೆ ಒಯ್ಯುತ್ತೇವೆ. ಅವಳ ಮಕ್ಕಳ ಈದ್ ಯಾವಾಗ? ಮಿತವ್ಯಯವನ್ನು ಅವಳ ಕೂಲಿಯಿಂದ ಆರಂಭಿಸಬೇಡಿ.

ರಮಝಾನ್ ಬರುತ್ತಿದೆ. ಕೊನೆಯ ಹತ್ತು ರಾತ್ರಿಗಳಲ್ಲಿ ಮಸೀದಿಗಿಂತ ಬಟ್ಟೆ ಅಂಗಡಿಗಳಲ್ಲಿ ನೂಕುನುಗ್ಗಲಿರುವುದನ್ನು ಪ್ರತಿವರ್ಷ ನೋಡುತ್ತಿದ್ದೇವೆ. ಆ ದಿನಗಳಲ್ಲಿ ಅವಸರದಲ್ಲಿ ಕೊಂಡದ್ದು ಬೆಲೆಯಲ್ಲೂ ಹೆಚ್ಚು, ಅಳತೆಯಲ್ಲೂ ತಪ್ಪು. ಕೊಳ್ಳುವುದನ್ನು ಈ ಶಅಬಾನ್‌ನಲ್ಲೇ ಮುಗಿಸಿ, ದರ್ಜಿಗೂ ಪುರುಸೊತ್ತಿರುತ್ತದೆ.

ಕೊನೆಯದಾಗಿ ಒಂದು ಪ್ರಕಟಣೆ. ಈ ಸಭಾಂಗಣದ ಎಡಬದಿಯ ಕೋಣೆಯಲ್ಲಿ ಒಂದು ಕಪಾಟು ಇದೆ. ನನ್ನ ಮಗಳ ಲೆಹೆಂಗಾವನ್ನು ಡ್ರೈಕ್ಲೀನ್ ಮಾಡಿಸಿ ಇಂದು ಬೆಳಿಗ್ಗೆ ಅದರಲ್ಲಿಟ್ಟಿದ್ದೇನೆ. ಅದು ಅವಳ ಸೊತ್ತಾದುದರಿಂದ ಅವಳ ಒಪ್ಪಿಗೆ ಪಡೆದಿದ್ದೇನೆ. ಇನ್ನಿಬ್ಬರು ಸಹೋದರಿಯರು ತಮ್ಮ ಮದುವೆಯ ಉಡುಪುಗಳನ್ನು ತಂದುಕೊಟ್ಟಿದ್ದಾರೆ. ಮೂರರಲ್ಲೂ ಸೊಂಟದ ಬಳಿ ಬಿಚ್ಚಿ ದೊಡ್ಡದು ಮಾಡುವಷ್ಟು ಬಟ್ಟೆ ಒಳಗಿದೆ. ಮನೆಯ ಕಪಾಟಿನಲ್ಲಿ ಸುತ್ತಿಟ್ಟಿರುವವರು ತಂದಿಡಬಹುದು, ಬೇಕಾದವರು ಒಯ್ಯಬಹುದು. ಕೀಲಿ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದೆ. ಯಾರು ಒಯ್ದರೆಂದು ಬರೆದಿಡುವ ಪುಸ್ತಕವನ್ನು ನಾವು ಇಟ್ಟಿಲ್ಲ.