ಹುಳುಮನೆಯಿಂದ ಸಿಲಿಕಾನ್ ಕೊಠಡಿಗೆ



ಬೆಳಿಗ್ಗೆ ಬಸ್ಸಿಳಿದಾಗ ಹಿರಿಯರೊಬ್ಬರು, "ಬೆಂಗಳೂರಲ್ಲಿ ಏನವ್ವ ಕೆಲಸ?" ಅಂತ ಕೇಳಿದರು. "ಸಿಲಿಕಾನ್ ಬಿಲ್ಲೆ ತೊಳೆಯೋದು ತಾತ" ಅಂದೆ. ನಕ್ಕುಬಿಟ್ಟರು. ಆದರೆ ಅದು ನಿಜ. ಕ್ವಾಂಟಮ್ ಕಂಪ್ಯೂಟರಿಗೆ ಬೇಕಾದ ಸಾಧನಗಳನ್ನು ಮಾಡುವ ಪ್ರಯೋಗಾಲಯದಲ್ಲಿ ನಾನು ತಂತ್ರಜ್ಞೆ. ದಿನದ ಅರ್ಧ ಹೊತ್ತು ತೊಳೆಯುವುದರಲ್ಲೇ ಹೋಗುತ್ತದೆ.

ನಿಮ್ಮ ಮೊಬೈಲಿನ ಚಿಪ್ ಸೊನ್ನೆ, ಒಂದು ಎಂಬ ಎರಡೇ ಗುರುತಿನಲ್ಲಿ ಎಲ್ಲ ಲೆಕ್ಕವನ್ನೂ ಮಾಡುತ್ತದೆ. ಕ್ವಾಂಟಮ್ ಕಂಪ್ಯೂಟರಿನ ಕ್ಯೂಬಿಟ್ ಅವೆರಡರ ಬೆರಕೆ ಸ್ಥಿತಿಯಲ್ಲೂ ಇರಬಲ್ಲದು. ಅಣುಗಳ ವರ್ತನೆಯಂಥ ಕೆಲವು ಕಠಿಣ ಲೆಕ್ಕಗಳಿಗೆ ಇದು ನೆರವಾಗಬಹುದೆಂಬ ನಿರೀಕ್ಷೆ ಇದೆ. ಕ್ಯೂಬಿಟ್ ಮಾಡಲು ಹಲವು ದಾರಿಗಳಿವೆ, ಸಿಲಿಕಾನ್ ಅದರಲ್ಲಿ ಒಂದು. ಸಿಲಿಕಾನಿನಲ್ಲಿ ಹುದುಗಿಸಿದ ರಂಜಕದ ಪರಮಾಣುಗಳನ್ನು ಕ್ಯೂಬಿಟ್ ಆಗಿ ಬಳಸಬಹುದೆಂದು 1998ರಲ್ಲಿ ಬ್ರೂಸ್ ಕೇನ್ ಎಂಬ ವಿಜ್ಞಾನಿ ಸೂಚಿಸಿದರು. ಇನ್ನೊಂದು ಬಗೆಯಲ್ಲಿ, ಸಿಲಿಕಾನ್ ಮೇಲೆ ಅತಿ ಸಣ್ಣ ಲೋಹದ ಪಟ್ಟಿಗಳನ್ನು ಕೂರಿಸಿ, ವೋಲ್ಟೇಜ್ ಕೊಟ್ಟು, ಒಂದೇ ಒಂದು ಎಲೆಕ್ಟ್ರಾನನ್ನು ಕೆಳಗೆ ಹಿಡಿದಿಡುತ್ತಾರೆ. 2023ರಲ್ಲಿ ಇಂಟೆಲ್ ಕಂಪನಿ ಈ ಬಗೆಯ 12 ಕ್ಯೂಬಿಟ್‌ಗಳ ಚಿಪ್ಪನ್ನು ಹೊರತಂದಿತು.

ಆ ಪಟ್ಟಿಗಳ ಅಗಲ ಕೆಲವು ಹತ್ತು ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಧೂಳಿನ ಒಂದು ಕಣ ಬಿದ್ದರೂ ಸಾಧನ ಹಾಳು. ಅಷ್ಟೇ ಅಲ್ಲ, ಸಹಜ ಸಿಲಿಕಾನಿನಲ್ಲಿ ಶೇ. 4.7ರಷ್ಟು ಇರುವ ಸಿಲಿಕಾನ್-29ರ ನ್ಯೂಕ್ಲಿಯಸ್ ಪುಟ್ಟ ಅಯಸ್ಕಾಂತದಂತೆ ವರ್ತಿಸಿ ಎಲೆಕ್ಟ್ರಾನಿಗೆ ಕಾಟ ಕೊಡುತ್ತದೆ. ಆದ್ದರಿಂದ ಅದನ್ನು ಬೇರ್ಪಡಿಸಿದ ಶುದ್ಧ ಸಿಲಿಕಾನ್-28 ಅನ್ನು ಬಳಸುತ್ತಾರೆ.

ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡು, ಕೈಗವಸು ತೊಟ್ಟು ಆ ಕೊಠಡಿಗೆ ಕಾಲಿಟ್ಟ ಮೊದಲ ದಿನ ನನಗೆ ನೆನಪಾದದ್ದು ನಮ್ಮ ಹುಳುಮನೆ. ರೇಷ್ಮೆ ಸಾಕಿದವರಿಗೆಲ್ಲ ಗೊತ್ತು. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ, ಕೈಕಾಲು ತೊಳೆಯದೆ ಒಳಗೆ ಬರುವಂತಿಲ್ಲ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಸಂಜೆ ಹಾಗೇ ಒಳಗೆ ಹೋಗಿದ್ದೆ. ಮಾರನೆಯ ದಿನ ಒಂದು ತಟ್ಟೆಯ ಅಂಚಿನಲ್ಲಿ ನಾಲ್ಕೈದು ಹುಳು ಊದಿಕೊಂಡು ಹರಿದಾಡುತ್ತಿದ್ದವು. ಹಾಲುತೊಂಡೆ. ನನ್ನಿಂದಲೇ ಆಯಿತೇನೋ ಎಂಬ ಭಯಕ್ಕೆ ಯಾರಿಗೂ ಹೇಳದೆ ಸೊಪ್ಪು ಮುಚ್ಚಿಬಿಟ್ಟೆ. ಕೆಲವೇ ದಿನದಲ್ಲಿ ಇಡೀ ಬೆಳೆ ಹೋಯಿತು. ಆ ಸಲ ರಾಮನಗರದ ಗೂಡಿನ ಮಾರುಕಟ್ಟೆಗೆ ಅಪ್ಪ ಹೋಗಲೇ ಇಲ್ಲ. ಅಳುತ್ತಾ ಒಪ್ಪಿಕೊಂಡಾಗ ಅವ್ವ ಅಂದದ್ದು ಇಷ್ಟೇ: "ಕಂಡಾಗಲೇ ಹೇಳಿದ್ರೆ ಒಂದು ತಟ್ಟೆ ಹೋಗ್ತಿತ್ತು. ಈಗ ಮನೆಯೇ ಹೋಯ್ತು ಕಣವ್ವ."

ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಸಿಲಿಕಾನ್ ಬಿಲ್ಲೆಯನ್ನು ಸುಮಾರು ಸಾವಿರ ಡಿಗ್ರಿ ಶಾಖದ ಕುಲುಮೆಯಲ್ಲಿಟ್ಟು, ಆಮ್ಲಜನಕ ಹಾಯಿಸಿ, ಮೇಲೆ ತೆಳುವಾದ ಗಾಜಿನ ಪದರ ಬೆಳೆಸುತ್ತೇವೆ. ಆ ಕುಲುಮೆಗೆ ಚಿನ್ನ ಸೋಕಬಾರದು. ಚಿನ್ನ ನಮಗೆ ಒಡವೆ, ಸಿಲಿಕಾನಿಗೆ ವಿಷ. ಬಿಸಿಯಲ್ಲಿ ಬೇಗ ಒಳಗಿಳಿದು ಅದರ ಗುಣವನ್ನೇ ಕೆಡಿಸುತ್ತದೆ. ಒಂದು ಸಂಜೆ ಮನೆಗೆ ಬರುವಾಗ ರೈಲಿನಲ್ಲಿ ಹೊಳೆಯಿತು: ಚಿನ್ನದ ಪದರವಿದ್ದ ಚೂರುಗಳಿಗೆ ಬಳಸುವ ಚಿಮಟದಲ್ಲೇ ನಾನು ಆ ದಿನ ಬಿಲ್ಲೆಗಳನ್ನು ಹಿಡಿದು ಕುಲುಮೆಗೆ ಇಟ್ಟಿದ್ದೆ. ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವ್ವನ ಮಾತು ನೆನಪಾಯಿತು. ಅಲ್ಲಿಂದಲೇ ಫೋನ್ ಮಾಡಿದೆ. ಎರಡು ವಾರ ಕುಲುಮೆ ನಿಂತಿತು. ನನ್ನ ಬಿಲ್ಲೆಗಳು ಕಸದ ಪಾಲಾದವು. ಸಹೋದ್ಯೋಗಿಯೊಬ್ಬರ ಸಂಶೋಧನೆ ತಡವಾಯಿತು, ಅವರು ಕೆಲ ದಿನ ನನ್ನೊಡನೆ ಮಾತು ಬಿಟ್ಟರು. ಆದರೆ ಮರುದಿನ ಒಳಗೆ ಹೋಗಬೇಕಿದ್ದ ಅವರದೇ ಬಿಲ್ಲೆಗಳು ಉಳಿದವು.

ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ರೂ. 6,003.65 ಕೋಟಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಕಂಪ್ಯೂಟಿಂಗ್ ವಿಭಾಗದ ಹೊಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಅಲ್ಲಿನ ನ್ಯಾನೋ ಕೇಂದ್ರದ ಸ್ವಚ್ಛ ಕೊಠಡಿಗಳಲ್ಲಿ ಹೊರಗಿನ ಸಂಶೋಧಕರೂ ಕೆಲಸ ಮಾಡುವ ವ್ಯವಸ್ಥೆ ಇದೆ. ಇಂಥ ಕಡೆ ಪಿಎಚ್.ಡಿ. ಮಾಡಿದವರಷ್ಟೇ ಸಾಲದು, ಪಂಪು, ಗ್ಯಾಸು, ಕುಲುಮೆ ನೋಡಿಕೊಳ್ಳುವ ಡಿಪ್ಲೊಮಾ ಓದಿದವರೂ ಬೇಕು. ಮಕ್ಕಳೇ, ಕನ್ನಡ ಮಾಧ್ಯಮ ಎಂದು ಹಿಂಜರಿಯಬೇಡಿ. ಇಂಗ್ಲಿಷ್ ಪದಗಳನ್ನು ನಾನು ಕೆಲಸ ಮಾಡುತ್ತಲೇ ಕಲಿತೆ. ಕೈ ತೊಳೆಯುವುದನ್ನೂ ನಿಜ ಹೇಳುವುದನ್ನೂ ಇಲ್ಲೇ ಕಲಿತಿದ್ದೆ.

ಗುರುಗಳಲ್ಲಿ ನನ್ನದೊಂದು ಬಿನ್ನಹ. ಶಾಲೆಯ ಪ್ರಯೋಗಾಲಯದ ಬೀರುವಿಗೆ ಬೀಗ ಹಾಕಿಡಬೇಡಿ. ಮಕ್ಕಳು ಬಳಸಲಿ. ಗಾಜಿನ ನಳಿಗೆ ಒಡೆದವರು ತಾವಾಗಿ ಬಂದು ಹೇಳಿದರೆ ಗದರಬೇಡಿ. ಒಡೆದ ನಳಿಗೆಗಳ ಲೆಕ್ಕ ಹಳೆಯ ವಿದ್ಯಾರ್ಥಿಗಳಾದ ನಮಗೆ ಕಳಿಸಿ, ಹೊಸದು ತಂದುಕೊಡುವ ಹೊಣೆ ನಮ್ಮದು.